ಲಾಂಡ್ರಿ ಆರ್ಡಿಸ್ ಮತ್ತು ನನ್ನ ಓದುಗರು

ಗ್ರಂಥಾಲಯದ ರೋಡಾ ನನ್ನಿಂದ ಕೇಳಿದ್ದು ಒಂದೇ ಒಂದು ಪುಟ. ಆರ್ಡಿಸ್ ಕೊಕ್ಕೊನೆನ್ ಯಾರು, ಎಲ್ಲಿ ಹುಟ್ಟಿದಳು, ಹೇಗೆ ಬರೆಯಲು ಶುರು ಮಾಡಿದಳು, ಇಷ್ಟೇ. ಬರೆದುಕೊಟ್ಟೆ. ವಸಂತದ ಸಭೆಯಲ್ಲಿ ನಿಂತು ಓದಿಯೂ ಬಂದೆ. ಜನ ಚಪ್ಪಾಳೆ ತಟ್ಟಿದರು, ನನಗಲ್ಲ. ಆ ಪುಟಕ್ಕೆ ಹಾಕದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗಲೂ ಇದೆ. ವಯಸ್ಸಾದ ಹಾಗೆ ಅದು ಇಳಿಯುತ್ತದೆ ಅನ್ನುವವರಿಗೆ ಇನ್ನೂ ವಯಸ್ಸಾಗಿಲ್ಲ.

ಸರೋವರದ ದಡದ ನಮ್ಮ ಪುಟ್ಟ ಊರು ಟೂ ಹಾರ್ಬರ್ಸ್‌ನಲ್ಲಿ ಬರೆಯುವವಳು ಅಂದರೆ ನಾನು, ವಾನಿ ಸ್ಟೆನೆರುಡ್. ಇಲ್ಲಿನ ವಾರಪತ್ರಿಕೆಯಲ್ಲಿ ವರ್ಷಗಟ್ಟಲೆ ನನ್ನ ಅಂಕಣ ಬರುತ್ತಿತ್ತು. ಅದಿರಿನ ಹಡಗು, ಮೊದಲ ಹಿಮ, ಚರ್ಚಿನ ಮೀನೂಟ, ಯಾವುದನ್ನೂ ಬಿಟ್ಟವಳಲ್ಲ. ಕಾರು ಮಾರುವವರ ಜಾಹೀರಾತಿಗೆ ಜಾಗ ಬೇಕೆಂದು ಒಂದು ದಿನ ಅಂಕಣ ನಿಲ್ಲಿಸಿದರು. ಆಗ ಎಲ್ಲರಿಗೂ ಬ್ಲಾಗಿನ ಹುಚ್ಚು ಹಿಡಿದಿದ್ದ ಕಾಲ. ಪತ್ರಿಕೆ ಬೇಡ ಅಂದವಳನ್ನು ಲೋಕ ಓದಲಿ ಎಂದು ನಾನೂ ಒಂದು ಬ್ಲಾಗು ತೆರೆದೆ. ಹೆಸರು 'ದೊಡ್ಡ ಸರೋವರದ ದಡದಿಂದ ವಾನಿ ಸ್ಟೆನೆರುಡ್‌ಳ ಚಿಂತನೆಗಳು'. ನನ್ನ ಪುಟಕ್ಕೆ ಬರಬೇಕಾದರೆ ಇಷ್ಟನ್ನೂ ನಡುವೆ ಜಾಗ ಬಿಡದೆ ಒಂದೇ ಉಸಿರಿಗೆ ಟೈಪು ಮಾಡಬೇಕು. ಬ್ಲಾಗಿನ ಹೆಸರು ಚಿಕ್ಕದಾಗಿರಬೇಕು ಎಂದು ನನಗೆ ಆಮೇಲೆ ಗೊತ್ತಾಯಿತು. ಗೊತ್ತಾದದ್ದನ್ನು ಬೇರೆಯವರಿಗೆ ಹೇಳಿಕೊಟ್ಟೆ.

ಹೇಳಿಕೊಟ್ಟದ್ದು ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಮಂಗಳವಾರ ಸಂಜೆ, ಹೊಸದಾಗಿ ಬರೆಯುವವರಿಗೆ. ಬರುತ್ತಿದ್ದವರು ಆರೇಳು ಜನ. ರೋಡಾ ಒಂದು ತಟ್ಟೆ ನಿಂಬೆ ಬಾರು, ಅಂದರೆ ನಿಂಬೆರಸದ ಸಿಹಿ ಬಿಲ್ಲೆ, ಮಾಡಿ ತರುತ್ತಿದ್ದಳು. ಕೊನೆಯ ಬಾರನ್ನು ಯಾರೂ ಮುಟ್ಟುವುದಿಲ್ಲ, ಅದು ನಮ್ಮ ಕಡೆಯ ಮರ್ಯಾದೆ. ಒಬ್ಬರು ಅದರಲ್ಲಿ ಅರ್ಧ ಕೊಯ್ದುಕೊಳ್ಳುತ್ತಾರೆ, ಇನ್ನೊಬ್ಬರು ಉಳಿದ ಅರ್ಧದಲ್ಲಿ ಅರ್ಧ. ತರಗತಿ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ಉಗುರಿನಷ್ಟು ಉಳಿದಿರುತ್ತದೆ, ಅದನ್ನು ರೋಡಾ ಮನೆಗೆ ಒಯ್ಯುತ್ತಾಳೆ. ಹೊಗಳಿಕೆಯಲ್ಲೂ ನಮ್ಮದು ಇದೇ ಅಳತೆ. ತೀರಾ ಚೆನ್ನಾಗಿದ್ದರೆ 'ಪರವಾಗಿಲ್ಲ' ಅನ್ನುತ್ತೇವೆ. ಹಿಡಿಸದಿದ್ದರೆ 'ಬೇರೆ ಥರ ಇದೆ' ಅನ್ನುತ್ತೇವೆ.

"ಲೋಕದಲ್ಲಿರೋದನ್ನೆಲ್ಲಾ ಬರೀಬೇಡಿ" ಎಂದು ನಾನು ಶುರು ಮಾಡುತ್ತಿದ್ದೆ. "ಒಂದು ಚಿಕ್ಕದನ್ನ ಹಿಡ್ಕೊಳ್ಳಿ, ಕಣ್ಣ ಮುಂದೆ ಇರೋದನ್ನ. ವಾರಕ್ಕೊಂದು ದಿನ ಗೊತ್ತು ಮಾಡ್ಕೊಳ್ಳಿ, ತಪ್ಪಿಸ್ಬೇಡಿ. ಯಾರಾದ್ರೂ ಕಮೆಂಟ್ ಹಾಕಿದ್ರೆ ಉತ್ತರ ಕೊಡಿ. ಮನೆಗೆ ಬಂದೋರನ್ನ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತೀರಾ? ಯಾರಿಂದ ಕಲಿತ್ರೋ ಅವರಿಗೆ ಕೊಂಡಿ ಕೊಡಿ. 'ಇಲ್ಲಿ ಒತ್ತಿ' ಅಂತ ಬೋರ್ಡು ಹಾಕ್ಬೇಡಿ, ಅಸಹ್ಯ. ನಿಮ್ಮ ಸಾಲಲ್ಲಿರೋ ಒಂದು ಪದಕ್ಕೇ ಕೊಂಡಿ ಸಿಕ್ಕಿಸಿ. ಒತ್ತಿದೋನು ನೇರವಾಗಿ ಅವರ ಬರಹದ ಮುಂದೆ ಹೋಗಿ ನಿಲ್ತಾನೆ."

ಎಲ್ಲರ ಪುಟದ ತಳದಲ್ಲೂ ಒಂದು ಪುಟ್ಟ ಎಣಿಕೆಯ ಪೆಟ್ಟಿಗೆ ಕೂರಿಸಿಕೊಟ್ಟೆ. ಯಾರು ಬಂದು ಹೋದರೂ ಅದರಲ್ಲಿ ಒಂದು ಏರುತ್ತದೆ. ಮೊದಲ ವರ್ಷ ಅದರ ಕಡೆ ಕಣ್ಣು ಹಾಕಬೇಡಿ ಎಂದೂ ಹೇಳಿದೆ. ಅದನ್ನು ಪಾಲಿಸಿದವಳು ಆರ್ಡಿಸ್ ಒಬ್ಬಳೇ.

ಆರ್ಡಿಸ್ ಹುಟ್ಟಿದ್ದು ಇದೇ ಊರಲ್ಲಿ. ಅಪ್ಪ ಹಡಗಿಗೆ ಅದಿರು ತುಂಬುವ ಕಟ್ಟೆಯ ಮೇಲೆ ದುಡಿದವನು, ಅಮ್ಮ ಫಿನ್ನಿಷ್ ಬಿಟ್ಟು ಬೇರೆ ಮಾತಾಡಿದವಳಲ್ಲ. ಗಂಡ ರೇನೋ ಒಂದು ಚಳಿಗಾಲ ಮೀನು ಹಿಡಿಯುವ ಗೆಳೆಯರ ಜೊತೆ ಬಿಸಿಲಿನ ನಾಡು ಅರಿಜೋನಾಕ್ಕೆ ಹೋದ. ಹಿಮ ಕರಗಿದ ಮೇಲೆ ಬರುತ್ತೇನೆ ಅಂದಿದ್ದ. ಗೆಳೆಯರು ಬಂದರು, ಅವನು ಬರಲಿಲ್ಲ. ಅಲ್ಲಿ ಯಾರೋ ಟ್ರೈಲರ್ ಎಂಬ ಗಾಲಿಮನೆ ಮಾರುವ ಹೆಂಗಸು ಸಿಕ್ಕಳಂತೆ. ಆರ್ಡಿಸ್ ಅತ್ತದ್ದನ್ನು ಊರಲ್ಲಿ ಕಂಡವರಿಲ್ಲ. ಅವನ ಪಾಲಿನ ದೋಣಿ ಮಾರಿ ಏಳನೇ ಬೀದಿಯ ಲಾಂಡ್ರಿ ಕೊಂಡುಕೊಂಡಳು. ಜನ ಬಂದು ನಾಣ್ಯ ಹಾಕಿ ಬಟ್ಟೆ ಒಗೆದುಕೊಂಡು ಹೋಗುತ್ತಾರೆ, ಇವಳು ಯಂತ್ರ ಕೆಟ್ಟರೆ ಸರಿ ಮಾಡುತ್ತಾಳೆ, ನೆಲ ಒರೆಸುತ್ತಾಳೆ, ಉಳಿದ ಹೊತ್ತು ಸುಮ್ಮನೆ ಕೂತಿರುತ್ತಾಳೆ.

ತರಗತಿಗೆ ಬಂದರೆ ಬಾಗಿಲ ಪಕ್ಕದ ಕುರ್ಚಿ. ಮೈಯೆಲ್ಲಾ ಸೋಪಿನ ಪುಡಿಯ ವಾಸನೆ. ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದಳು, ನಾಲಿಗೆಯ ತುದಿ ಹೊರಗಿಟ್ಟುಕೊಂಡು. ಬೇಕಾದ ಪುಟದ ವಿಳಾಸವನ್ನು ಗುರುತು ಹಾಕಿ ಇಟ್ಟುಕೊಳ್ಳುವುದು ಹೇಗೆಂದು ನಾನು ಕಲಿಸಿದ ದಿನ ಅವಳ ಡ್ರೈಯರಿನ ಬೆಲ್ಟು ಹರಿದು ತರಗತಿಗೆ ಬರಲಾಗಲಿಲ್ಲ. ಮುಂದಿನ ವಾರ ಕೇಳಬಹುದಿತ್ತು. ಕೇಳುವವಳಲ್ಲ.

"ನಂಗೆ ಬರೆಯೋಕೆ ಏನೂ ಇಲ್ಲ ವಾನಿ" ಎಂದಳು ಒಂದು ಸಲ. "ಎಲ್ಲಿಗೂ ಹೋಗಿಲ್ಲ, ಯಾರನ್ನೂ ನೋಡಿಲ್ಲ."

"ನಿನ್ನ ಲಾಂಡ್ರೀಲಿ ಜನ ಏನೇನೋ ಬಿಟ್ಟು ಹೋಗ್ತಾರಲ್ಲ, ಅದೊಂದು ಪೆಟ್ಟಿಗೆ ಇಟ್ಟಿದ್ದೀಯಲ್ಲ" ಎಂದೆ. "ಅದರಿಂದ ಒಂದೊಂದು ತೆಗೆದು ಬರಿ."

ಕೇಳಿಸಿಕೊಳ್ಳಿ, ಹೇಳಿದ್ದು ನಾನು. ನನ್ನದೇ ಬಾಯಿ. ಆ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಎಷ್ಟು ಸಲ ಬಟ್ಟೆ ಒಣಗಿಸಿಕೊಂಡಿದ್ದೇನೆ, ನನಗೆ ನಾನೇ ಯಾಕೆ ಹೇಳಿಕೊಳ್ಳಲಿಲ್ಲ?

ಮುಂದಿನ ಮಂಗಳವಾರ ಅವಳು ಓದಿದಳು. ಬ್ಲಾಗಿಗೆ 'ಬಿಟ್ಟುಹೋದದ್ದು' ಎಂದು ಹೆಸರಿಟ್ಟಿದ್ದಳು. ಮೊದಲ ಬರಹ ಹೀಗಿತ್ತು: "ಮಗುವಿನ ಕೈಗವಸು. ಕೆಂಪು, ಎಡಗೈಯದು. ಹೆಬ್ಬೆರಳ ತುದಿಯ ಉಣ್ಣೆ ಕಚ್ಚಿ ಕಚ್ಚಿ ತೆಳುವಾಗಿದೆ. ಚಳಿಗೆ ಯಾರೂ ಕೈಗವಸು ಕಚ್ಚುವುದಿಲ್ಲ. ಯಾರಿಗೋ ಕಾಯುತ್ತಾ ನಿಂತಿದ್ದ ಮಗು." ಅಷ್ಟೇ.

ಆಮೇಲೆ ರೋಡಾ "ಪರವಾಗಿಲ್ಲ ಆರ್ಡಿಸ್" ಎಂದಳು. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು "ಬೇರೆ ಥರ ಇದೆ" ಎಂದೆ. ಆ ಕೊನೆಯ ಸಾಲು ನಾನು ಬರೆಯಬೇಕಾದ ಸಾಲು.

ವಾರ ಕಳೆಯುವುದರೊಳಗೆ ಆ ಕೈಗವಸಿಗೆ ಎಲ್ಲೆಲ್ಲಿಂದಲೋ ಕಮೆಂಟು. ಟೆಕ್ಸಸ್‌ನ ಒಬ್ಬ ಮುದುಕಿ, ನೋವಾ ಸ್ಕೋಷಿಯಾದ ಒಬ್ಬ ಬಸ್ ಡ್ರೈವರ್, ಜೈಲಿನಲ್ಲಿ ಪಾಠ ಹೇಳುವ ಒಬ್ಬ ಮೇಷ್ಟ್ರು. ಆರ್ಡಿಸ್ ಎರಡು ಬೆರಳಲ್ಲಿ ಒಬ್ಬೊಬ್ಬರಿಗೂ ಉತ್ತರ ಬರೆದಳು. ನನ್ನ ಚಿಂತನೆಗಳಿಗೆ ಬರುತ್ತಿದ್ದದ್ದು ಎರಡು ಕಮೆಂಟು. ಒಂದು ಚಿಕ್ಕಮ್ಮನ ಮಗಳು ಡಾರ್ಲೀನ್ ಹಾಕುವುದು, "ಎಂದಿನಂತೆ ಚಂದ ವಾನಿ, ದೊಡ್ಡಮ್ಮನ ಮಂಡಿ ನೋವು ಹೇಗಿದೆ" ಎಂದು. ಇನ್ನೊಂದು ಬೊಜ್ಜು ಕರಗಿಸುವ ಮಾತ್ರೆ ಮಾರುವವನದು.

ಅಂದಿನಿಂದ ನಾನು ಅವಳ ಪುಟಕ್ಕೆ ಕಾಲಿಡಲಿಲ್ಲ. ನಾನು ಹೋದರೆ ಅವಳ ಎಣಿಕೆಗೆ ಒಂದು ಸೇರುತ್ತದಲ್ಲ. ಲೋಕವೇ ಬಂದು ಸೇರಿಸುತ್ತಿದೆ, ನನ್ನ ಕೈಯಿಂದಲೂ ಒಂದು ಯಾಕೆ? ಆದರೆ ಓದದೆ ಇರಲಾಗಲಿಲ್ಲ. ಅವಳ ಹೊಸ ಬರಹ ಬರುವ ಗುರುವಾರ ಬಂತೆಂದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಕೊನೆಗೆ ಗಂಡ ಮೆರ್ಲ್‌ಗೆ ಹೇಳಿದೆ, ಏರುವ ಆ ಒಂದು ಅವನ ಲೆಕ್ಕಕ್ಕೆ ಹೋಗಲಿ ಎಂದು. ಅವನು ಹೋಗಿ, ಅಕ್ಷರಗಳನ್ನಷ್ಟೇ ಎತ್ತಿ, ನನ್ನ ಕಣ್ಣಿಗಾಗಿ ದೊಡ್ಡದು ಮಾಡಿ, ಕಪ್ಪು ಶಾಯಿಯಲ್ಲಿ ಹಾಳೆಯ ಮೇಲೆ ಅಚ್ಚು ಹಾಕಿ ತಂದುಕೊಡುತ್ತಿದ್ದ. ನಾನು ಅಡುಗೆಮನೆಯಲ್ಲಿ ಕೆಂಪು ಪೆನ್ನು ಹಿಡಿದು ಕೂರುತ್ತಿದ್ದೆ.

"ಇಲ್ಲಿ ನೋಡು ಮೆರ್ಲ್, ಎರಡು ವಾಕ್ಯ ಒಂದೇ ಪದದಿಂದ ಶುರುವಾಗಿದೆ."

"ಹೌದಾ" ಅನ್ನುತ್ತಿದ್ದ ಮೆರ್ಲ್. ಅವನು ಅದಿರಿನ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದು ಅಲ್ಲಿಂದ ಬಂದ ರೂಢಿ.

ಆ ಶರತ್ಕಾಲದಲ್ಲಿ ನನ್ನ ದಿನಗಳೂ ತಿರುಗಿದವು. ಡಾರ್ಲೀನ್ ಅಲ್ಲದವರು ಬರತೊಡಗಿದರು. ಮೊದಲು ಒಬ್ಬರು, ಆಮೇಲೆ ನಾಲ್ಕು ಜನ, ಹಿಮ ಬೀಳುವ ಹೊತ್ತಿಗೆ ಹಿಂಡು ಹಿಂಡು. ನಾನು ಎಂದೋ ಬರೆದಿದ್ದ ಕೈಗವಸು ಹೆಣೆಯುವ ಬರಹ, ಚರ್ಚಿನ ಮೀನೂಟದ ಬರಹ, ಎಲ್ಲದರ ಕೆಳಗೂ ಗುರುತಿಲ್ಲದವರ ಹೆಸರು. ಒಬ್ಬಳು "ಲಾಂಡ್ರಿಯಿಂದ ಬಂದೆ, ಇಷ್ಟವಾಯಿತು" ಎಂದು ಬರೆದಿದ್ದಳು. ಪಾಪ, ಬಟ್ಟೆ ಒಗೆದು ದಣಿದು ಬಂದು ನನ್ನನ್ನು ಓದಿದ್ದಾಳೆ ಎಂದುಕೊಂಡೆ. ನನ್ನ ಪುಟದ ಎಣಿಕೆಯನ್ನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆನೋ. ಓದುಗರು ಎಲ್ಲಿಂದ ಬಂದರೆಂದು ತೋರಿಸುವ ಇನ್ನೊಂದು ಪುಟ ಹಿಂದೆ ಇರುತ್ತದೆ, ಅದನ್ನು ತೆರೆದೇ ಇರಲಿಲ್ಲ. ಬಂದರಲ್ಲ, ಎಲ್ಲಿಂದ ಬಂದರೆ ನನಗೇನು? ಅಂಗಡಿಯಲ್ಲಿ ಆರ್ಡಿಸ್ ಎದುರಾದರೆ ಕುತ್ತಿಗೆ ಎತ್ತಿ ನಡೆಯುವಷ್ಟು ಧೈರ್ಯ ಬಂತು. ಆ ಚಳಿಗಾಲ ಚೆನ್ನಾಗಿ ನಿದ್ದೆ ಮಾಡಿದೆ.

ಹಿಮ ಕರಗುವ ಹೊತ್ತಿಗೆ ರೋಡಾ ಫೋನು ಮಾಡಿದಳು. ಗ್ರಂಥಾಲಯದ ವಸಂತದ ಸಭೆಗೆ ಈ ಸಲ ಊರಿನ ಬರಹಗಾರರೇ ಮಾತಾಡುತ್ತಾರಂತೆ. ನಾನು ಆಗಲೇ ಮನಸ್ಸಿನಲ್ಲಿ ನೀಲಿ ಕೋಟು ಹಾಕಿಕೊಂಡಿದ್ದೆ.

"ಆರ್ಡಿಸ್ ಒಪ್ಪಿದ್ದಾಳೆ" ಎಂದಳು ರೋಡಾ. "ಅವಳನ್ನ ಪರಿಚಯ ಮಾಡ್ಕೊಡೋಕೆ ನೀನೇ ಸರಿ ಅಂತ ಎಲ್ಲರೂ ಅಂದ್ರು."

"ನಂಗೂ ಈಗ ಓದೋರಿದ್ದಾರೆ ರೋಡಾ" ಎಂದೆ. ಹಾಗೆ ಹೇಳುವುದು ನಮ್ಮ ಕಡೆ ನಾಚಿಕೆಗೇಡು, ಆದರೂ ಹೇಳಿದೆ. "ಅವಳಿಗಿರೋ ಹಾಗೇ. ದೇಶದ ತುಂಬಾ."

"ಹೌದೇನೇ? ಗೊತ್ತಿರ್ಲಿಲ್ಲ. ಹಂಗಾದ್ರೆ ಎಲ್ಲೆಲ್ಲಿಂದ ಬರ್ತಾರೆ ಅಂತ ಬರ್ಕೊಡು, ಕಮಿಟೀಲಿ ತೋರಿಸ್ತೀನಿ. ಇಬ್ಬರನ್ನೂ ಕೂರಿಸೋಣ."

ಊಟ ಮುಗಿಸಿ ಮಧ್ಯಾಹ್ನವೇ ಕೂತು ಆ ಹಿಂದಿನ ಪುಟ ತೆರೆದೆ. ಓದುಗರು ಯಾವ ಬಾಗಿಲಿಂದ ಒಳಗೆ ಬಂದರು ಎನ್ನುವ ಸಾಲು ಮೇಲಿಂದ ಕೆಳಗಿನವರೆಗೆ ಇತ್ತು. ಎಲ್ಲದರಲ್ಲೂ ಒಂದೇ ವಿಳಾಸ. ಬಿಟ್ಟುಹೋದದ್ದು. ಬಿಟ್ಟುಹೋದದ್ದು. ಬಿಟ್ಟುಹೋದದ್ದು.

"ಮೆರ್ಲ್!"

ಮೆರ್ಲ್ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಬಂದ.

"ಆರ್ಡಿಸ್ ಪುಟದಲ್ಲಿ ನನ್ನ ಹೆಸರೇನಾದ್ರೂ ಇದೆಯಾ?"

"ಹೆಸರಿಲ್ಲ. ಕೊಂಡಿ ಇದೆ. ಪ್ರತಿ ವಾರ ಒಂದು ಪದಕ್ಕೆ ಹಾಕಿರ್ತಾಳೆ, ನೀಲಿ ಬಣ್ಣದಲ್ಲಿ. ಒತ್ತಿದ್ರೆ ನಿನ್ನ ಹತ್ರ ಬರುತ್ತೆ. ಮೊದಲನೇ ಸಲ 'ಉಣ್ಣೆ' ಅನ್ನೋ ಪದಕ್ಕೆ ಹಾಕಿದ್ಲು, ನಿನ್ನ ಕೈಗವಸು ಹೆಣೆಯೋ ಬರಹಕ್ಕೆ."

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ. ಹಾಳೆ ಬೇಕು ಅಂದೆ, ತಂದುಕೊಟ್ಟೆ."

ಹಾಳೆಯ ಮೇಲೆ ನೀಲಿ ಇರಲಿಲ್ಲ. ಕಪ್ಪು ಶಾಯಿಯಲ್ಲಿ ಆ ಪದವೂ ಉಳಿದ ಪದಗಳ ಹಾಗೇ ಕೂತಿತ್ತು. ಎಷ್ಟೋ ಸಲ ಅದೇ ಪದದ ಮೇಲೆ ನನ್ನ ಕೆಂಪು ಪೆನ್ನು ಓಡಿತ್ತು.

ಕೃತಜ್ಞತೆ ಬರಬೇಕಿತ್ತು ಎಂದು ನೀವು ಅನ್ನಬಹುದು. ನನಗೆ ಬಂದದ್ದು ಸಿಟ್ಟು. ನನ್ನವರು ಎಂದುಕೊಂಡವರೆಲ್ಲ ಅವಳವರು. ಅವಳ ಅಂಗಳಕ್ಕೆ ಬಂದು, ಹೊರಡುವಾಗ ನನ್ನ ಮನೆಯನ್ನೂ ಇಣುಕಿ ನೋಡಿ ಹೋದವರು. ಓದುಗರೇ ಇಲ್ಲದಿದ್ದಾಗ ಇಷ್ಟು ಬಡವಳು ಅನಿಸಿರಲಿಲ್ಲ. ಕೋಟು ಹಾಕಿಕೊಂಡು ಏಳನೇ ಬೀದಿಗೆ ನಡೆದೆ.

ಲಾಂಡ್ರಿಯಲ್ಲಿ ಒಬ್ಬ ಮೀನುಗಾರನ ಬಟ್ಟೆ ಡ್ರೈಯರಿನಲ್ಲಿ ತಿರುಗುತ್ತಿತ್ತು, ಅವನು ಇರಲಿಲ್ಲ. ಆರ್ಡಿಸ್ ಟವಲು ಮಡಚುತ್ತಿದ್ದಳು.

"ನಿನ್ನ ಪುಟದಲ್ಲಿ ನಂಗೆ ಕೊಂಡಿ ಕೊಟ್ಟಿದ್ದೀಯ" ಎಂದೆ.

"ಹೂಂ."

"ಪ್ರತಿ ವಾರ."

"ಹೂಂ. ಯಾರಿಂದ ಕಲಿತ್ರೋ ಅವರಿಗೆ ಕೊಂಡಿ ಕೊಡಿ ಅಂತ ನೀನೇ ಅಲ್ವಾ ಹೇಳಿದ್ದು?"

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳೋಕೇನಿದೆ? ನೀನು ನೋಡಿರ್ತೀಯ ಅಂದ್ಕೊಂಡೆ." ಟವಲಿನ ಅಂಚನ್ನು ಅಂಚಿಗೆ ಕೂಡಿಸಿದಳು. "ನೀನು ಏನೂ ಅನ್ಲಿಲ್ಲ. ಹಿಡಿಸ್ಲಿಲ್ವೇನೋ ಅಂದ್ಕೊಂಡೆ. ಆದ್ರೂ ಹಾಕ್ತಾ ಇದ್ದೆ."

ನಿನ್ನ ಪುಟಕ್ಕೆ ನಾನು ಬಂದೇ ಇಲ್ಲ ಎಂದು ಅವಳ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

"ತೆಗೆದುಬಿಡು" ಎಂದೆ.

"ಎಲ್ಲಾನೂ?"

"ಎಲ್ಲಾನೂ. ಓದೋರು ನನ್ನೋರಾ ನಿನ್ನೋರಾ ಅಂತ ಗೊತ್ತಾಗ್ಬೇಕು ನಂಗೆ."

ಡ್ರೈಯರಿನೊಳಗೆ ಯಾವುದೋ ಗುಂಡಿ ಟಣ್ ಟಣ್ ಎಂದು ಬಡಿಯುತ್ತಿತ್ತು. ಆರ್ಡಿಸ್ ಮಡಚಿದ ಟವಲನ್ನು ರಾಶಿಯ ಮೇಲಿಟ್ಟಳು.

"ಸರಿ ಬಿಡು" ಎಂದಳು. "ಕಾಫಿ ಕುಡೀತೀಯಾ?"

"ಬೇಡ."

ನಮ್ಮೂರಲ್ಲಿ ಕಾಫಿಗೆ ಮೂರು ಸಲ ಕರೆಯುತ್ತಾರೆ. ಮೊದಲ ಎರಡು 'ಬೇಡ' ಯಾರಿಗೂ ಲೆಕ್ಕಕ್ಕಿಲ್ಲ. ಆರ್ಡಿಸ್ ಎರಡನೇ ಸಲ ಕರೆಯಲಿಲ್ಲ.

ಸಭೆಯ ದಿನ ಬಂತು. ನನ್ನ ಓದುಗರ ಬಗ್ಗೆ ನಾನು ರೋಡಾಗೆ ಏನೂ ಬರೆದುಕೊಟ್ಟಿರಲಿಲ್ಲ, ಆದ್ದರಿಂದ ವೇದಿಕೆಯ ಮೇಲೆ ಇದ್ದದ್ದು ಒಂದೇ ಕುರ್ಚಿ. ಅವಳ ಪರಿಚಯದ ಪುಟ ಓದಿ ಕೆಳಗಿಳಿದೆ. ಆರ್ಡಿಸ್ ಹೊಸದೊಂದು ಬರಹ ಓದಿದಳು. ಗಂಡಸಿನ ಚಳಿಗಾಲದ ಕೋಟು, ಪೆಟ್ಟಿಗೆಯಲ್ಲಿ ಹಿಡಿಸದೆ ಮೊಳೆಗೆ ನೇತುಹಾಕಿದ್ದು, ಕೇಳಿಕೊಂಡು ಯಾರೂ ಬಂದಿಲ್ಲ. "ಅರಿಜೋನಾದಲ್ಲಿ ಬೇಕಾಗುವುದಿಲ್ಲ" ಎಂದು ಮುಗಿಸಿದಳು. ಊರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ಊರು ಮೊದಲ ಸಲ ಕೇಳಿತು. ಆಮೇಲೆ ಒಬ್ಬೊಬ್ಬರಾಗಿ ಹೋಗಿ ಅವಳಿಗೆ "ಪರವಾಗಿಲ್ಲ, ಪರವಾಗಿಲ್ಲ" ಎಂದರು. ನಾನು ಮೇಜಿನ ಹತ್ತಿರ ನಿಂತು ಕೊನೆಯ ನಿಂಬೆ ಬಾರನ್ನು ಕೊಯ್ಯದೆ ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ನೋಡಿದವರು ನೋಡದ ಹಾಗೆ ಮುಖ ತಿರುಗಿಸಿದರು.

ಕೊಂಡಿಗಳನ್ನು ಅವಳು ನಾನು ಹೇಳಿದ ದಿನವೇ ಕಿತ್ತುಹಾಕಿದ್ದಳು. ನನ್ನ ಎಣಿಕೆ ದಿನ ದಿನಕ್ಕೂ ಇಳಿಯಿತು. ಟೆಕ್ಸಸ್ ಹೋಯಿತು, ನೋವಾ ಸ್ಕೋಷಿಯಾ ಹೋಯಿತು, ಜೈಲಿನ ಮೇಷ್ಟ್ರೂ ಹೋದರು. ನಾನು ಆ ಹಿಂದಿನ ಪುಟವನ್ನು ಬೆಳಿಗ್ಗೆ ಎದ್ದು ನೋಡುವುದು, ಹಲ್ಲು ಕಚ್ಚುವುದು, ಮುಚ್ಚುವುದು. ಕೊನೆಗೆ ಉಳಿದವರು ಡಾರ್ಲೀನ್, ಮಾತ್ರೆ ಮಾರುವವನು, ಮತ್ತೆ ಇನ್ನೊಬ್ಬರು.

ಈ ಇನ್ನೊಬ್ಬರು ದಿನಾ ಬೆಳಿಗ್ಗೆ ಬರುತ್ತಿದ್ದರು, ಭಾನುವಾರ ಬಿಟ್ಟು. ಊರು ಟೂ ಹಾರ್ಬರ್ಸ್ ಎಂದೇ ತೋರಿಸುತ್ತಿತ್ತು. ಎಲ್ಲಿಂದ ಬಂದರೆಂಬ ಜಾಗ ಖಾಲಿ. ಅಂದರೆ ಯಾರ ಕೊಂಡಿಯನ್ನೂ ಹಿಡಿಯದೆ ನೇರವಾಗಿ ಬಂದವರು. ಹಳೆಯ ದಿನಗಳ ಲೆಕ್ಕ ತಿರುವಿ ನೋಡಿದೆ. ಹಿಂಡು ಬರುವ ಮೊದಲಿನಿಂದಲೂ, ತರಗತಿ ಶುರುವಾದ ದಿನಗಳಿಂದಲೂ, ಈ ಒಬ್ಬರು ಇದ್ದರು. ಜನಜಂಗುಳಿಯಲ್ಲಿ ಕಂಡಿರಲಿಲ್ಲ, ಅಷ್ಟೇ.

ಎದೆ ಹಿಗ್ಗಿತು. ಒಬ್ಬರಾದರೂ ನನ್ನವರು! ಊರಿನವರೇ!

"ಮೆರ್ಲ್, ದಿನಾ ಬೆಳಿಗ್ಗೆ ನನ್ನ ಬ್ಲಾಗು ಓದೋದು ನೀನಾ?"

"ನಾನ್ಯಾಕೆ ಓದ್ಲಿ? ಬರೆದ ತಕ್ಷಣ ಊಟಕ್ಕೆ ಕೂತಾಗ ನೀನೇ ಓದಿ ಹೇಳ್ತೀಯಲ್ಲ. ತಪ್ಪಿಸ್ಕೊಳ್ಳೋಕೆ ದಾರಿ ಎಲ್ಲಿದೆ?"

ಹಾಗಾದರೆ ಯಾರು? ಚರ್ಚಿನಲ್ಲಿ ಒಬ್ಬೊಬ್ಬರ ಮುಖ ನೋಡಿದೆ. ಅಂಚೆ ಕಚೇರಿಯಲ್ಲಿ ಮಾತಿಗೆ ಎಳೆದು ನೋಡಿದೆ. ಯಾರೂ ಸುಳಿವು ಕೊಡಲಿಲ್ಲ.

ಮೇ ತಿಂಗಳಲ್ಲಿ ಒಂದು ದಿನ ಚಳಿಗಾಲದ ದೊಡ್ಡ ರಜಾಯಿ ಒಗೆಯಬೇಕಾಯಿತು. ನಮ್ಮ ಮನೆಯ ಯಂತ್ರದಲ್ಲಿ ಅದು ಹಿಡಿಸುವುದಿಲ್ಲ. ಆರ್ಡಿಸ್ ಜೊತೆ ಮಾತು ನಿಂತಿತ್ತು, ಆದರೆ ಊರಲ್ಲಿ ಇನ್ನೊಂದು ಲಾಂಡ್ರಿ ಇಲ್ಲ. ಬೇರೆ ಗಿರಾಕಿಗಳು ಬರುವ ಮೊದಲೇ ಹೋಗಿ ಹಾಕಿ ಬಂದುಬಿಡೋಣ ಎಂದು ಬೆಳಿಗ್ಗೆಯೇ ರಜಾಯಿ ಅಪ್ಪಿಕೊಂಡು ನಡೆದೆ. ಬಾಗಿಲಿಗೆ ಇನ್ನೂ 'ಮುಚ್ಚಿದೆ' ಎಂಬ ಹಲಗೆ ನೇತಾಡುತ್ತಿತ್ತು. ಒಳಗೆ ದೀಪ ಇತ್ತು. ಗಾಜಿಗೆ ಮುಖ ಹಚ್ಚಿ ನೋಡಿದೆ.

ಆರ್ಡಿಸ್ ನನಗೆ ಬೆನ್ನು ಹಾಕಿ ಗಲ್ಲಾಪೆಟ್ಟಿಗೆಯ ಹತ್ತಿರ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಕ್ಕದಲ್ಲಿ ಕಾಫಿ ಲೋಟ. ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಒತ್ತಿದಳು, ತಡೆದಳು, ಎಲ್ಲೋ ತಪ್ಪಿತೆಂದು ಕಾಣುತ್ತದೆ, ಅಳಿಸಿದಳು, ಮತ್ತೆ ಒತ್ತಿದಳು. ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದದ ವಿಳಾಸ, ಗುರುತು ಹಾಕಿಡುವುದನ್ನು ಅವಳು ಕಲಿತೇ ಇರಲಿಲ್ಲವಲ್ಲ. ಕೊನೆಗೆ ಅವಳ ಮುಂದೆ ತೆರೆದುಕೊಂಡದ್ದು ನನ್ನ ಪುಟ. ನೀಲಿ ಸರೋವರದ ಚಿತ್ರ, ಅದರ ಮೇಲೆ ನನ್ನ ಹೆಸರು. ಹಿಂದಿನ ದಿನ ನಾನು ಸೊಳ್ಳೆಗಳ ಬಗ್ಗೆ ಬರೆದಿದ್ದೆ, ನನಗೇ ಬೇಸರ ಬರುವಷ್ಟು ಉದ್ದ. ಅವಳು ಕನ್ನಡಕ ಸರಿ ಮಾಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಕಾಫಿ ಮುಟ್ಟಲಿಲ್ಲ.

ನಾನು ಬಾಗಿಲು ತಟ್ಟಲಿಲ್ಲ. ಒಗೆಯದ ರಜಾಯಿಯನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದೆ.

ಮೆರ್ಲ್ ಬಾಗಿಲಲ್ಲಿ ನಿಂತಿದ್ದ. "ಲಾಂಡ್ರಿ ಮುಚ್ಚಿತ್ತಾ?"

"ಇಲ್ಲ" ಎಂದೆ.

ನನಗಿಂತ ಚೆನ್ನಾಗಿ ಬರೆಯುತ್ತಾಳೆ ಎಂಬ ಹೊಟ್ಟೆಕಿಚ್ಚು ಒಂದಿತ್ತು. ಈಗ ನನಗಿಂತ ಒಳ್ಳೆಯವಳು ಎಂಬ ಇನ್ನೊಂದು ಸೇರಿಕೊಂಡಿತು. ಮೊದಲನೆಯದನ್ನು ಹೇಗೋ ಸಹಿಸಿಕೊಂಡಿದ್ದೆ. ಇದನ್ನು ಎಲ್ಲಿಡಲಿ?

ಕೋಟು ಕೂಡ ತೆಗೆಯದೆ ಕೂತು 'ಬಿಟ್ಟುಹೋದದ್ದು' ಎಂದು ಟೈಪು ಮಾಡಿದೆ. ಚಿಕ್ಕ ಹೆಸರು, ಬೇಗ ಮುಗಿಯಿತು. ರೇನೋನ ಕೋಟಿನ ಬರಹವನ್ನು ಕೆಂಪು ಪೆನ್ನಿಲ್ಲದೆ ಓದಿದೆ. ನೀಲಿಯ ಪದ ಎಲ್ಲೂ ಇರಲಿಲ್ಲ, ನಾನೇ ತೆಗೆಸಿದ್ದೆನಲ್ಲ. ಪುಟದ ತಳಕ್ಕೆ ಹೋದೆ. ಅಲ್ಲಿ ನಾನು ಕೂರಿಸಿಕೊಟ್ಟ ಎಣಿಕೆಯ ಪೆಟ್ಟಿಗೆ ಹಾಗೇ ಇತ್ತು. ನೋಡುತ್ತಿದ್ದ ಹಾಗೆಯೇ ಕೊನೆಯ ಅಂಕಿ ಬದಲಾಗಿ ಒಂದು ಏರಿತು, ಅದು ನಾನು.